ಕಾಂದಾ ಹಾಕುವ ಮುಂಚೆ ತೆಗೆದಿಟ್ಟ ಕಾಳು

ಅಥಣಿಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ ಸೂಜಿ ಹೊರಗೆಳೆದು, ಹತ್ತಿ ಒತ್ತಿ, ಕೈ ಮಡಚಿಸಿ, ಎಲ್ಲರಿಗೂ ಒಂದೇ ಮಾತು ಹೇಳುತ್ತಾಳೆ. “ನಾಷ್ಟಾ ಮಾಡಿ ಎರಡು ತಾಸಿಗೆ ಬರ್ರಿ.” ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಗೊತ್ತು. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂದ ಮೇಲೆ ಇನ್ನೊಮ್ಮೆ ರಕ್ತ ಕೊಡಬೇಕು. ನಡುವಿನ ಎರಡು ತಾಸು ಎಲ್ಲಿಯಾದರೂ ಕೂತು ಏನಾದರೂ ತಿನ್ನಬೇಕು. ನಾನು ಬರೆಯಲು ಹೊರಟಿರುವುದು ಆ ಎರಡು ತಾಸಿನ ಬಗ್ಗೆ. ಎಷ್ಟೋ ವರ್ಷ ಅದನ್ನು ನಾನು ಒಬ್ಬಳೇ ಕಳೆದದ್ದಿಲ್ಲ. ಈಗ ಕಳೆಯುತ್ತಿದ್ದೇನೆ.

ನಮ್ಮ ಊರು ಶೇಡಬಾಳ. ಪದ್ದಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಬಂದಾಗ ಆ ದೊಡ್ಡ ಅಡುಗೆಮನೆ ಅವಳ ಕೈಯಲ್ಲಿತ್ತು. ಬೆಳಿಗ್ಗೆ ಬಸದಿಗೆ ಹೋಗಿ ಬಂದು ಒಲೆ ಹೊತ್ತಿಸಿದರೆ ಹೊಲಕ್ಕೆ ಹೋಗುವವರ ಬುತ್ತಿ, ಶಾಲೆಗೆ ಹೋಗುವವರ ಡಬ್ಬಿ, ಅತ್ತೆಯ ಹಾಲು, ದ್ರಾಕ್ಷಿ ತೋಟಕ್ಕೆ ಬಂದವರ ಚಹಾ. ಎಲ್ಲ ಮುಗಿದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ ನಮ್ಮಿಬ್ಬರದು. ಹಿತ್ತಲ ಕಟ್ಟೆಯ ಮೇಲೆ ಕೂತು ಅದನ್ನು ತಿನ್ನುತ್ತಿದ್ದೆವು. ಅವಳು ಮಾತಾಡುವವಳು, ನಾನು ಕೇಳುವವಳು. ಮೊದಲಿನಿಂದಲೂ ನಮ್ಮ ನಡುವೆ ಕೆಲಸ ಹಾಗೆ ಹಂಚಿಕೆಯಾಗಿತ್ತು.

ಕಾಯಿಲೆ ಗೊತ್ತಾದದ್ದು ಇಬ್ಬರಿಗೂ ಒಂದೇ ದಿನ. ಬಸದಿಯ ಪಕ್ಕದ ಸಭಾಗೃಹದಲ್ಲಿ ಯಾರೋ ಆರೋಗ್ಯ ಶಿಬಿರ ಇಟ್ಟಿದ್ದರು. ಅತ್ತೆಯ ಮೊಣಕಾಲು ತೋರಿಸಲು ಹೋಗಿದ್ದೆವು. ಪದ್ದಕ್ಕ ನಗುತ್ತ ತನ್ನ ಬೆರಳು ಚಾಚಿದಳು.

“ನಂದೂ ನೋಡ್ರಿ, ಹೆಂಗೂ ಇಲ್ಲಿತನಕ ಬಂದೀವಿ. ಈ ನಮ್ಮ ಸುನಂದಾಂದೂ ನೋಡ್ರಿ. ಆಕಿ ಅಂತೂ ಮಾತಾಡಂಗಿಲ್ಲ, ಆಕಿ ರಕ್ತರೆ ಮಾತಾಡತೈತೇನ ನೋಡೂಣು.”

ರಕ್ತ ಮಾತಾಡಿತು. ನನ್ನದೂ ಮಾತಾಡಿತು, ಅವಳದು ಇನ್ನೂ ಗಟ್ಟಿಯಾಗಿ ಮಾತಾಡಿತು. ಯಂತ್ರದಲ್ಲಿ ಬಂದ ಅಂಕಿಯನ್ನು ನೋಡಿ ಅಲ್ಲಿದ್ದವರು ಮತ್ತೊಮ್ಮೆ ಚುಚ್ಚಿ ನೋಡಿದರು. ಮನೆಗೆ ಬಂದು ಅತ್ತೆ ಪಡಸಾಲೆಯಲ್ಲಿ ಕೂತು ನೀರು ಕುಡಿದ ಮೇಲೆ ಕೇಳಿದರು.

“ಕಾಂದಾ ಮುಟ್ಟಂಗಿಲ್ಲ, ಬಳ್ಳೊಳ್ಳಿ ಮುಟ್ಟಂಗಿಲ್ಲ, ಹೊತ್ತ ಮುಳಗಿದ ಮ್ಯಾಲ ಒಂದ ಅಗಳ ಬಾಯಾಗ ಹಾಕ್ಕೊಳ್ಳಂಗಿಲ್ಲ. ನಮ್ಮ ಮನ್ಯಾಗ ಈ ಬ್ಯಾನಿ ಹೆಂಗ ಬಂತ?”

ಅದು ಸಿಟ್ಟಲ್ಲ. ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ. ನಾವು ಜೈನರು. ಈರುಳ್ಳಿಯನ್ನು ನಾವು ಕಾಂದಾ ಅನ್ನುತ್ತೇವೆ. ಕಾಂದಾ, ಬಳ್ಳೊಳ್ಳಿ, ಬಟಾಟೆ ನಮ್ಮ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಕೆಟ್ಟದ್ದೆಲ್ಲ ಹೊರಗೇ ಉಳಿದಿದೆ ಎಂದು ಆ ಮನೆಯ ನಂಬಿಕೆ. ಪದ್ದಕ್ಕ ನನ್ನ ಕಿವಿಯಲ್ಲಿ, “ದಾರಿ ತಪ್ಪಿ ಬಂದಿರಬೇಕ ಬೇ. ಚಹಾ ಕುಡಿಸಿ ಕಳಸೂಣು,” ಅಂದಳು. ನಾನು ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಪಾತ್ರೆ ತೊಳೆದೆವು.

ಹಾಗೆ ನಮ್ಮ ಅಥಣಿಯ ಓಡಾಟ ಶುರುವಾಯಿತು. ಬೆಳಿಗ್ಗೆಯ ಬಸ್ಸು, ಕಾಗವಾಡದಲ್ಲಿ ಇಳಿದು ಇನ್ನೊಂದು ಬಸ್ಸು. ಉಪವಾಸ ನಮಗೆ ಕಷ್ಟವಲ್ಲ. ಕಷ್ಟವಾದದ್ದು ಲ್ಯಾಬಿನಿಂದ ಹೊರಬಿದ್ದ ಮೇಲೆ. ಎದುರಿಗೆ ಹೋಟೆಲ್ಲು. ಗಂಡಸರಿಲ್ಲದೆ ನಾವು ಹೋಟೆಲ್ಲಿನಲ್ಲಿ ಕೂತವರೇ ಅಲ್ಲ. ಪದ್ದಕ್ಕ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು, ನಾನು ಹಿಂದೆ. ಹೋಟೆಲ್ಲು ನಡೆಸುವವರು ಮರಾಠಿ ಮಾತಿನ ಹಿರಿಯರು, ಎಲ್ಲರೂ ಅವರನ್ನು ಮಾಮಾ ಅನ್ನುತ್ತಿದ್ದರು. ಅವರು ನಮ್ಮನ್ನು ವಹಿನಿ, ಅಂದರೆ ಅತ್ತಿಗೆ ಎಂದು ಕರೆದರು.

“ಮಿಸಳದಾಗ ಕಾಂದಾ ಐತೇನ್ರಿ?” ಪಕ್ಕದ ಮೇಜಿನಲ್ಲಿ ಮೊಳಕೆ ಕಾಳಿಗೆ ಖಾರದ ರಸ ಹಾಕಿದ್ದನ್ನು ನೋಡಿ ಪದ್ದಕ್ಕ ಕೇಳಿದಳು.

“ಕಾಂದಾ ಇಲ್ಲದ ಮಿಸಳ ಎಲ್ಲಿರತೈತ್ರಿ ವಹಿನಿ?”

“ಅವಲಕ್ಕ್ಯಾಗ?”

“ಐತ್ರಿ.”

“ಉಪ್ಪಿಟ್ಟಿನ್ಯಾಗ?”

“ಅದ್ರಾಗೂ ಐತಿ.”

“ವಡಾದಾಗ ಬಟಾಟಿ. ಪುರಿ ಜೋಡಿ ಬಟಾಟಿ ಪಲ್ಲೆ. ಮತ್ತ ನಾವೇನ ಈ ಗ್ವಾಡಿ ತಿನ್ನೂನೇನ್ರಿ?”

ಮಾಮಾ ನಕ್ಕುಬಿಟ್ಟರು. “ಶಿರಾ ಐತ್ರಿ. ತುಪ್ಪದಾಗ ಮಾಡಿದ್ದು. ಕಾಂದಾ ಇಲ್ಲ, ಬಟಾಟಿ ಇಲ್ಲ, ಏನೂ ಇಲ್ಲ.”

“ಹಂಗಾರ ಎರಡ ಕೊಡ್ರಿ. ಎರಡ ಚಹಾ.”

ರವೆಯ ಸಿಹಿ ಶಿರಾ ಬಂತು. ಬಿಸಿ ಹೊಗೆ, ಮೇಲೆ ಒಂದು ಗೋಡಂಬಿ. ಪದ್ದಕ್ಕ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. “ಸುನಂದಾ, ಯಾರೋ ಮಾಡಿದ್ದು, ಯಾರೋ ತಂದಿಟ್ಟದ್ದು. ತಟ್ಟಿ ಸೈತ ನಾವು ತೊಳ್ಯಾಂಗಿಲ್ಲ ನೋಡ.”

ಆ ಮಾತನ್ನು ನಾನು ಈಗಲೂ ಮೆಲುಕು ಹಾಕುತ್ತೇನೆ. ಅವಳು ಅಷ್ಟು ವರ್ಷ ಎಷ್ಟು ಜನರಿಗೆ ಬಿಸಿ ಬಡಿಸಿರಬಹುದು. ಅವಳಿಗೆ ಬಿಸಿ ಬಡಿಸಿದವರು ಆ ಹೋಟೆಲ್ಲಿನವರು ಮಾತ್ರ. ಕಾಯಿಲೆ ಬರದಿದ್ದರೆ ಅದೂ ಇರುತ್ತಿರಲಿಲ್ಲ. ಲ್ಯಾಬಿನ ದಿನ ಹತ್ತಿರ ಬಂದಂತೆ ಅವಳ ನಡಿಗೆಯೇ ಬದಲಾಗುತ್ತಿತ್ತು. ಹಿಂದಿನ ದಿನವೇ ಸೀರೆ ತೆಗೆದಿಡುತ್ತಿದ್ದಳು. “ಎಲ್ಲರೂ ಜಾತ್ರೀಗಿ ಹ್ವಾದಂಗ ನಾವು ರಕ್ತಾ ಕೊಡಾಕ ಹೊಂಟೀವಿ,” ಅನ್ನುತ್ತಿದ್ದಳು.

ಪ್ರತಿ ಸಲವೂ ಶಿರಾ. ಇಲ್ಲದಿದ್ದರೆ ಜಿಲೇಬಿ. ಪ್ರತಿ ಸಲವೂ ಅದೇ ವಿಚಾರಣೆ: ಕಾಂದಾ ಐತೇನ್ರಿ, ಬಳ್ಳೊಳ್ಳಿ ಐತೇನ್ರಿ, ಅದೇ ಸೌಟು ಇದಕ್ಕೂ ಹಾಕೀರೇನ್ರಿ. ಅಷ್ಟೆಲ್ಲ ಕೇಳಿ, ಅಷ್ಟೆಲ್ಲ ಬೇಡವೆಂದ ಮೇಲೆ ಉಳಿದದ್ದು ಶುದ್ಧವೇ ಆಗಿರುತ್ತದೆ ಅನ್ನುವುದು ನಮ್ಮ ಲೆಕ್ಕ. ಆಗಿನ ಡಾಕ್ಟರು, “ಪಥ್ಯ ಮಾಡ್ತೀರಲ್ಲ?” ಎಂದು ಕೇಳಿದರೆ ಪದ್ದಕ್ಕ ಎದೆ ಸೆಟೆಸಿ, “ಹುಟ್ಟಿದಾಗಿಂದ ಮಾಡ್ತೀವ್ರಿ,” ಅನ್ನುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಡಾಕ್ಟರು ಗುಳಿಗೆ ಹೆಚ್ಚು ಮಾಡುತ್ತ ಹೋದರು.

ಮುಂದೆ ಅಲ್ಲಿಗೆ ಒಬ್ಬ ಹೊಸ ಡಾಕ್ಟರು ಬಂದರು, ಹೆಣ್ಣುಮಗಳು. ರಿಪೋರ್ಟು ನೋಡಿ ತಲೆ ಎತ್ತಿ, “ಈಗ ಏನ ತಿಂದು ಬಂದ್ರಿ?” ಎಂದು ಕೇಳಿದರು. ಹಾಗೆ ಯಾರೂ ಕೇಳಿರಲಿಲ್ಲ.

“ಏನೂ ಇಲ್ರಿ,” ಪದ್ದಕ್ಕ ಹೇಳಿದಳು. “ಬರೀ ಶಿರಾ.”

“ಶಿರಾನಾ?”

“ಕಾಂದಾ ಇಲ್ಲದ್ದು ಅದೊಂದ ಇತ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಅವರೂ ನಮ್ಮ ಕಡೆಯವರೇ ಇರಬೇಕು, ನಗು ಬಂದದ್ದನ್ನು ತಡೆದುಕೊಂಡರು. ಬಳಿಕ ಪದ್ದಕ್ಕನ ಪಾದ ನೋಡಿದರು. ಹೆಬ್ಬೆರಳಿಂದ ಒತ್ತಿದರು. ಒತ್ತಿದ ಜಾಗದಲ್ಲಿ ತಗ್ಗು ಬಿದ್ದು ಹಾಗೆಯೇ ಉಳಿಯಿತು. ಅದನ್ನು ನೋಡುತ್ತ ಅವರ ಮುಖದ ನಗು ಹೋಯಿತು. ಅವಳಿಗೆ ಮಾತ್ರ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ನಾನು ಬಸ್ ಸ್ಟ್ಯಾಂಡಿನ ಕಡೆ ತಿರುಗಿದೆ. ಪದ್ದಕ್ಕ ತಿರುಗಲಿಲ್ಲ. ನೇರ ಹೋಟೆಲ್ಲಿಗೆ ಹೋಗಿ, ಗಲ್ಲಾಪೆಟ್ಟಿಗೆ ದಾಟಿ, ಒಳಗೆ ಒಲೆಯ ಹತ್ತಿರವೇ ಹೋಗಿ ನಿಂತಳು. ನಾನು ಬಾಗಿಲಲ್ಲಿ ನಿಂತು ಅವಳ ಮಾತು ಕೇಳಿಸಿಕೊಂಡೆ.

“ಮಾಮಾ, ಮಿಸಳಕ್ಕ ಮಡಕಿ ಕಾಳ ಕುದಸ್ತೀರಲ್ಲ, ಆ ಕೆಂಪ ರಸ ಹಾಕೂ ಮುಂಚೆ ಅದ್ರಾಗ ಏನಿರತೈತಿ?”

“ಉಪ್ಪು, ಅರಿಶಿಣ. ಅಷ್ಟ.”

“ಕಾಂದಾ?”

“ಅದು ಇನ್ನೂ ಬಿದ್ದಿರಂಗಿಲ್ರಿ.”

“ಹಂಗಾರ ನಾವು ಬರೂ ದಿನ ಎರಡ ಬಟ್ಟಲ ಕಾಳ ಮೊದಲ ತಗದಿಡ್ರಿ. ಮ್ಯಾಲ ಲಿಂಬೀಹಣ್ಣ ಹಿಂಡಿ ಕೊಡ್ರಿ. ಚಹಾಕ್ಕ ಸಕ್ಕರಿ ಬ್ಯಾಡ. ಸೌಟ ಮಾತ್ರ ಬ್ಯಾರೆ ಇರಲಿ.”

“ಇಷ್ಟ ಸಪ್ಪಗ ಯಾರ ತಿಂತಾರ್ರಿ ವಹಿನಿ?”

“ಸಾಯಬಾರದು ಅನ್ನಾವ್ರು ತಿಂತಾರ.”

ಮಾಮಾ ಒಂದು ಸೌಟನ್ನು ಬೇರೆ ತೆಗೆದು ಗೂಟಕ್ಕೆ ತೂಗುಹಾಕಿದರು. ಮೊಳಕೆ ಬಂದ ಕಾಳನ್ನು ನಮ್ಮವರಲ್ಲಿ ಕೆಲವರು ತಿನ್ನುವುದಿಲ್ಲ. ನಮ್ಮ ಮನೆಯಲ್ಲಿ ಪರ್ವದ ದಿನಗಳನ್ನು ಬಿಟ್ಟರೆ ನಡೆಯುತ್ತದೆ.

ಮುಂದಿನ ಸಲ ಹೋದಾಗ ಎರಡು ಬಟ್ಟಲು ಕಾಳು ತಟ್ಟೆ ಮುಚ್ಚಿ ಕಾದಿದ್ದವು. ರುಚಿಯಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಪಕ್ಕದ ಮೇಜಿನ ಮೇಲೆ ಶಿರಾ ಹೊಗೆಯಾಡುತ್ತಿತ್ತು. ನಾನು ಕಾಳನ್ನು ಚಮಚದಲ್ಲಿ ಆಚೆ ಈಚೆ ಸರಿಸುತ್ತ ಕೂತೆ. ಅದನ್ನು ನೋಡಿ ಪದ್ದಕ್ಕ ಅಂದಳು, “ತಿನ್ನ ಬೇ. ಇದೂ ಯಾರೋ ಮಾಡಿದ್ದ, ಯಾರೋ ತಂದಿಟ್ಟದ್ದ. ತಟ್ಟಿ ಈಗೂ ನಾವು ತೊಳ್ಯಾಂಗಿಲ್ಲ.” ನಾನು ತಿಂದೆ. ಕೆಲವು ತಿಂಗಳಲ್ಲಿ ನನ್ನ ನಾಲಿಗೆ ಅದಕ್ಕೆ ಒಗ್ಗಿತು. ರಿಪೋರ್ಟಿನ ಅಂಕಿ ಇಳಿಯಿತು. ನನ್ನದು ಇಳಿಯಿತು. ಅವಳ ಸಕ್ಕರೆಯೂ ಇಳಿಯಿತು, ಆದರೆ ಕಿಡ್ನಿ ಅಷ್ಟರಲ್ಲಿ ಸೋತಿತ್ತು.

ಇಬ್ಬರೂ ಒಂದೇ ಒಲೆಯ ಅಡುಗೆ ಉಂಡವರು, ಒಂದೇ ಮೇಜಿನಲ್ಲಿ ಶಿರಾ ತಿಂದವರು. ಅವಳಿಗೆ ಹಾಗೇಕೆ, ನನಗೆ ಹೀಗೇಕೆ ಎಂದು ಡಾಕ್ಟರನ್ನು ಕೇಳಿದ್ದೇನೆ. ಇಂಥದ್ದನ್ನು ಅನುಭವಿಸಿದ ಇನ್ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಆ ಪ್ರಶ್ನೆ ಹೋಗುವುದಿಲ್ಲ. ಅದರ ಜೊತೆಯಲ್ಲೇ ಬಟ್ಟೆ ಒಣಹಾಕುವುದು, ಬಸ್ಸು ಹತ್ತುವುದು ಎಲ್ಲ ನಡೆಯುತ್ತದೆ.

ಮಿರಜಿನ ಆಸ್ಪತ್ರೆಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವುದು ಶುರುವಾಯಿತು. ಭಾವನವರು, ಅವಳ ಗಂಡ, ಜೀಪು ಓಡಿಸುತ್ತಿದ್ದರು. ಹಿಂದೆ ನಾವಿಬ್ಬರು. ಮೊದಲ ದಿನ ಕಾಲುಂಗುರ ತೆಗೆಯಬೇಕೆಂದರು. ಬಾವಿನಿಂದ ಅವು ಹೊರಗೆ ಬರಲಿಲ್ಲ. ಸೋಪು ಹಚ್ಚಿದರೂ ಬರಲಿಲ್ಲ. ಕೊನೆಗೆ ಒಬ್ಬ ನರ್ಸು ಕತ್ತರಿಯಂಥದ್ದನ್ನು ತಂದು ಕತ್ತರಿಸಿದಳು. ಬೆಳ್ಳಿಯ ತುಂಡುಗಳನ್ನು ಭಾವನವರ ಕೈಯಲ್ಲಿಟ್ಟಳು. ಭಾವನವರು ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗೈ ಹಾಗೆಯೇ ಚಾಚಿಕೊಂಡು ಹೊರಗಿನ ಉದ್ದನೆಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ನಾನು ನನ್ನ ಕರವಸ್ತ್ರ ಕೊಟ್ಟೆ.

ಅವಳಿಗೆ ನೀರನ್ನು ಅಳೆದು ಕೊಡಬೇಕಾಗಿತ್ತು. ಮನೆಯಲ್ಲಿ ಒಂದು ಲೋಟ ನೀರನ್ನೂ ತಾವೇ ತುಂಬಿಕೊಂಡು ಕುಡಿಯದ ಭಾವನವರು ಸ್ಟೀಲಿನ ತಂಬಿಗೆಯಲ್ಲಿ ಅಳೆದು, ಅವಳ ಪಕ್ಕ ಇಟ್ಟು, ಹೊರಗೆ ಹೋಗಿ ನಿಲ್ಲುತ್ತಿದ್ದರು. ಪದ್ದಕ್ಕ ಆಗಲೂ ಹೇಳಿದಳು: “ಹೊತ್ತ ಮುಳಗಿದ ಮ್ಯಾಲ ನೀರ ಬಿಟ್ಟ ರೂಢಿ ಐತಿ ನಮಗ. ಡಾಕ್ಟರಿಗೆ ಹೇಳ್ರಿ, ಅರ್ಧಾ ಕೆಲಸ ನಾ ಮೊದಲ ಮಾಡಿ ಇಟ್ಟೇನಿ ಅಂತ.”

ಅಲ್ಲಿನ ಡಾಕ್ಟರು ಅವಳಿಗೆ ಕಾಳು ಬೇಡವೆಂದರು. ಯಾವ ಕಾಳೂ ಬೇಡ. ಅವಳು ಒಲೆಯ ಮುಂದೆ ನಿಂತು ಕೇಳಿ ತೆಗೆಸಿಟ್ಟ ಕಾಳು ಅವಳಿಗೇ ಇಲ್ಲದಂತಾಯಿತು. ಜೀಪಿನಲ್ಲಿ ಅದನ್ನು ನನಗೆ ಹೇಳುವಾಗ ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆದರೂ ನನ್ನ ಪರೀಕ್ಷೆಯ ದಿನ ಅವಳು ಅಥಣಿಗೆ ಬಂದಳು. ಬೇಡವೆಂದರೂ ಕೇಳಲಿಲ್ಲ. “ನೀ ಬಾಯಿ ತಗದ ಏನೂ ಕೇಳಂಗಿಲ್ಲ. ಮಾಮಾ ಏನ ತಂದಿಟ್ರ ಅದನ್ನ ತಿಂದ ಬರ್ತಿ.” ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿದಳು. ಒಳಗೆ ಕೂತು, “ಮಾಮಾ, ಒಂದ ಬಟ್ಟಲ ಕಾಳ. ಈಕಿಗೆ,” ಅಂದಳು. ಮಾಮಾ, “ನಿಮಗ್ರಿ?” ಎಂದು ಕೇಳಿದರು. “ನಾ ನೋಡಾಕ ಬಂದೇನಿ,” ಅಂದಳು. ನಾನು ತಿನ್ನುವುದನ್ನು ನೋಡುತ್ತ ಎದುರಿಗೆ ಕೂತಿದ್ದಳು. ನಾನು ಚಮಚವನ್ನು ಬಟ್ಟಲಲ್ಲೇ ಬಿಟ್ಟೆ. ಅವಳು ಮೇಜಿನ ಮೇಲೆ ಬೆರಳು ಬಡಿದು, “ಅಗದ ತಿನ್ನ, ಅಗದ,” ಎಂದು ಚಿಕ್ಕ ಮಕ್ಕಳಿಗೆ ಹೇಳಿದಂತೆ ಹೇಳಿದಳು. ನಾನು ಬಟ್ಟಲು ಖಾಲಿ ಮಾಡಿದೆ. ಅದು ನಮ್ಮ ಕೊನೆಯ ನಾಷ್ಟಾ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತೋ ಏನೋ.

ಮಳೆ ನಿಂತು ದ್ರಾಕ್ಷಿಯ ಬಳ್ಳಿ ಕತ್ತರಿಸುವ ಹೊತ್ತಿನಲ್ಲಿ ಅವಳು ಹೋದಳು. ಮಿರಜಿನಲ್ಲಿ, ಅದೇ ಯಂತ್ರದ ಪಕ್ಕ, ಹಾಡಹಗಲಿನಲ್ಲಿ. ನಾನು ಹೊರಗಿನ ಬೆಂಚಿನ ಮೇಲೆ ಅವಳ ಚಪ್ಪಲಿ ಕಾಲ ಬಳಿ ಇಟ್ಟುಕೊಂಡು ಕೂತಿದ್ದೆ.

ಸೂತಕ ಕಳೆದ ಮೇಲೆ ನಮ್ಮಲ್ಲಿ ಮನೆಯವರೆಲ್ಲ ಬಸದಿಗೆ ಹೋಗಿ, ಹೋದವರ ಹೆಸರಿನಲ್ಲಿ ಒಂದೊಂದು ನಿಯಮ ತೆಗೆದುಕೊಳ್ಳುತ್ತೇವೆ. ಯಾವುದಾದರೊಂದನ್ನು ಬಿಡುವುದು, ವರ್ಷದ ಮಟ್ಟಿಗೋ ಜೀವ ಇರುವತನಕವೋ. ಭಾವನವರು ಎಲೆ ಅಡಿಕೆ ಬಿಟ್ಟರು. ನನ್ನ ಗಂಡ ಚಹಾ ಬಿಟ್ಟರು. ನನ್ನ ಸರದಿ ಬಂದಾಗ ಯಾರೂ ಕೇಳದೆಯೇ ಬಾಯಿಂದ ಬಂತು: “ಹೊರಗಿನ ತಿಂಡಿ ಬಿಟ್ಟೆ. ಒಂದು ವರ್ಷ.” ಎಲ್ಲರೂ ಒಳ್ಳೆಯದೆಂದರು. ಸಕ್ಕರೆಯವಳಿಗೆ ಇದಕ್ಕಿಂತ ಒಳ್ಳೆಯ ನಿಯಮ ಯಾವುದು ಎಂದರು. ನನಗೆ ಗೊತ್ತಿತ್ತು, ನಾನು ಬಿಟ್ಟದ್ದು ತಿಂಡಿಯನ್ನಲ್ಲ. ಆ ಮೇಜಿನ ಮುಂದೆ ಒಬ್ಬಳೇ ಕೂರುವುದು ತಪ್ಪಲಿ ಎಂದು ಹಾಗೆ ಹೇಳಿದ್ದೆ.

ಮೇಜು ತಪ್ಪಿತು, ಅದರ ಜೊತೆ ಪರೀಕ್ಷೆಯೂ ತಪ್ಪಿತು. ಹೊರಗೆ ತಿನ್ನುವಂತಿಲ್ಲ, ತಿನ್ನದೆ ಎರಡನೆಯ ರಕ್ತ ಕೊಡುವಂತಿಲ್ಲ. ನನ್ನ ಸೊಸೆ, “ಡಬ್ಬಿ ಕಟ್ಟಿ ಕೊಡ್ತೀನ್ರಿ ಅತ್ತಿ,” ಅಂದಳು. ನಾಳೆ ನೋಡೋಣ ಅಂದೆ. ತಿಂಗಳುಗಳು ಕಳೆದವು. ಗುಳಿಗೆ ಒಮ್ಮೆ ನುಂಗಿದರೆ ಒಮ್ಮೆ ಮರೆಯುತ್ತಿದ್ದೆ. ಅಡುಗೆಮನೆಯಲ್ಲಿ ಅವಳು ಕೂರುತ್ತಿದ್ದ ಮಣೆಯ ಹತ್ತಿರ ನಿಂತರೆ ಏನು ಬೇಕಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಬೆಲ್ಲವನ್ನೂ. ಒಂದು ದಿನ ಅಕ್ಕಿ ಆರಿಸುವಾಗ ಹರಳೂ ಅಕ್ಕಿಯೂ ಒಂದೇ ಆಗಿ ಕಂಡವು. ಮೊರ ಕೆಳಗಿಟ್ಟು ಕಣ್ಣುಜ್ಜಿದೆ. ಮತ್ತೂ ಹಾಗೆಯೇ ಕಂಡವು.

ಅತ್ತೆ ಪಡಸಾಲೆಯಿಂದ ನೋಡುತ್ತಿದ್ದರು. ಅವರಿಗೆ ನಡೆಯಲು ಆಗುವುದಿಲ್ಲ, ಆದರೆ ಏನೂ ತಪ್ಪಿಸಿಕೊಳ್ಳುವುದಿಲ್ಲ.

“ಸುನಂದಾ, ಅಥಣಿಗೆ ಹೋಗಿ ಎಷ್ಟ ದಿನಾ ಆತು?”

“ನಿಯಮ ಐತಲ್ರಿ ಅತ್ತಿ.”

“ನಿಯಮ ಜೀವಾ ಉಳಸಾಕ ಇರತೈತಿ.” ಮೊಣಕಾಲು ನೀವಿಕೊಳ್ಳುತ್ತ ಮತ್ತೆ ಅಂದರು. “ಒಬ್ಬಾಕಿನ್ನ ಕಳಿಸೇನಿ. ಇನ್ನೊಬ್ಬಾಕಿನ್ನ ಕಳಸಾಕ ನನ್ನ ಕೈಲೆ ಆಗಂಗಿಲ್ಲ. ಮಾತಾಜಿ ಹಂತ್ಯಾಕ ನಡಿ, ನಾನೂ ಬರ್ತೀನಿ.”

ಬಸದಿಯಲ್ಲಿ ಆಗ ಒಬ್ಬ ಮಾತಾಜಿ, ದೀಕ್ಷೆ ತೆಗೆದುಕೊಂಡ ಹಿರಿಯ ಸಾಧ್ವಿ, ತಂಗಿದ್ದರು. ಭಾವನವರೂ ನನ್ನ ಗಂಡನೂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ನಾನು ಮಾತಾಜಿಯ ಮುಂದೆ ಕೂತೆ. ಅತ್ತೆಯೇ ಎಲ್ಲ ಹೇಳಿದರು. ಒಂದು ಕಾಲಕ್ಕೆ, ನಮ್ಮ ಮನೆಗೆ ಈ ಬೇನೆ ಹೇಗೆ ಬಂತು ಎಂದು ಕೇಳಿದವರು ಅವರೇ. ಮಾತಾಜಿ ಕೇಳಿಸಿಕೊಂಡು, ನಿಯಮ ಬಿಡಿಸಿ, ಪ್ರಾಯಶ್ಚಿತ್ತವಾಗಿ ಒಂದು ಹಗಲಿನ ಉಪವಾಸ ಹೇಳಲು ಹೊರಟವರು, ಡಾಕ್ಟರು ಏನು ಹೇಳಿದ್ದಾರೆಂದು ಕೇಳಿ ಅದನ್ನೂ ಬಿಟ್ಟು ಜಪ ಹೇಳಿದರು. “ಬೇರೆ ಏನು ಬಿಡ್ತೀಯಮ್ಮಾ?” ಎಂದು ಕೇಳಿದರು.

“ಶಿರಾ,” ಅಂದೆ. ಹೇಳಿದ ಕೂಡಲೇ ಅಳು ಬಂತು. ಅವಳು ಹೋದ ಮೇಲೆ ಜನರ ಮುಂದೆ ಅತ್ತದ್ದು ಅದೇ ಮೊದಲು. ಶಿರಾ ಬಿಟ್ಟದ್ದಕ್ಕೆ ಅಳು ಬಂತೆಂದು ಯಾರಾದರೂ ತಿಳಿದಿದ್ದರೆ ತಿಳಿಯಲಿ.

ಅಥಣಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಯಾವಾಗಲೂ ಅದು ಅವಳದು. ಲ್ಯಾಬಿನ ಹುಡುಗಿ ಹತ್ತಿ ಒತ್ತಿ, “ನಾಷ್ಟಾ ಮಾಡಿ ಎರಡು ತಾಸಿಗೆ ಬರ್ರಿ,” ಅಂದಳು. ರಸ್ತೆ ದಾಟಿದೆ. ಹೋಟೆಲ್ಲಿನ ಬಾಗಿಲಲ್ಲಿ ಮಾಮಾ ನನ್ನ ಹಿಂದೆ ನೋಡಿದರು, ಯಾರೋ ಬರಬೇಕಾದವರನ್ನು ನೋಡಿದಂತೆ. ಆಮೇಲೆ ನನ್ನ ಮುಖ ನೋಡಿದರು. ನಾನು ಹೇಳಬೇಕಾಗಲಿಲ್ಲ. “ಕೂಡ್ರಿ ವಹಿನಿ,” ಎಂದಷ್ಟೇ ಅಂದು ಒಳಗೆ ಹೋದರು.

ತಟ್ಟೆ ಮುಚ್ಚಿದ ಬಟ್ಟಲನ್ನು ಅವರೇ ತಂದಿಟ್ಟರು. ಲಿಂಬೆ ಹಿಂಡಿತ್ತು.

“ನಾ ಬರ್ತೀನಂತ ನಿಮಗ ಗೊತ್ತಿರಲಿಲ್ಲಲ್ರಿ,” ಅಂದೆ.

“ದಿನಾ ತಗದಿಡ್ತೀವ್ರಿ. ಲ್ಯಾಬಿನಿಂದ ಬರಾವ್ರು ಕೇಳ್ತಾರ. ವಹಿನಿ ಕಾಳು ಅಂತಾರ.” ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿ ಹೋದರು.

ಎದುರಿನ ಕುರ್ಚಿ ಖಾಲಿ ಇತ್ತು. ಒಂದು ಚಮಚ ತಿಂದೆ, ಇನ್ನೊಂದು. ಚಮಚ ಕೆಳಗಿಟ್ಟೆ. ಎದ್ದು ಹೋಗಿಬಿಡೋಣ ಅನ್ನಿಸಿದ ಹೊತ್ತಿಗೆ ಪಕ್ಕದ ಮೇಜಿನಿಂದ ಒಂದು ಸಣ್ಣ ದನಿ ಕೇಳಿಸಿತು.

“ಅಣ್ಣಾ, ಕಾಂದಾ ಇಲ್ಲದ್ದು ಏನೈತ್ರಿ?”

ನನಗಿಂತ ಸ್ವಲ್ಪ ಚಿಕ್ಕವಳು. ಮೊಣಕೈ ಮಡಚಿ ಹಿಡಿದಿದ್ದಳು, ಒಳಗೆ ಹತ್ತಿ. ಹೊಸಬಳೆಂದು ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು, ಕುರ್ಚಿಯ ಅಂಚಿನ ಮೇಲೆ, ಬಾಗಿಲ ಕಡೆ ಮುಖ ಮಾಡಿ. ಕೇಳಿಸಿಕೊಂಡ ಹೊಸ ಕೆಲಸದವನು, “ಶಿರಾ ಐತ್ರಿ. ಬಿಸಿ ಐತಿ,” ಅಂದ.

ನನ್ನ ಜನ್ಮದಲ್ಲಿ ಹೋಟೆಲ್ಲಿನಲ್ಲಿ ನಾನಾಗಿ ಬಾಯಿ ಬಿಟ್ಟದ್ದಿಲ್ಲ. ಅಷ್ಟು ವರ್ಷ ಎದುರಿಗೆ ಕೂತವಳು ನನ್ನ ಪಾಲಿನ ಮಾತನ್ನೂ ಆಡುತ್ತಿದ್ದಳು.

“ಶಿರಾ ಬ್ಯಾಡ್ರಿ ತಂಗಿ,” ಅಂದೆ. ದನಿ ನನ್ನದೇ ಎಂದು ನಂಬಲು ಒಂದು ಕ್ಷಣ ಬೇಕಾಯಿತು. “ಅದ್ರಾಗ ಕಾಂದಾ ಇಲ್ಲ, ಸಕ್ಕರಿ ಐತಿ. ಈ ಕಾಳ ತಗೋರಿ. ಕಾಂದಾ ಹಾಕೂ ಮುಂಚೆ ತಗದಿಟ್ಟದ್ದೈತಿ. ಸೌಟೂ ಬ್ಯಾರೆ.”

ಅವಳು ನನ್ನ ಬಟ್ಟಲು ನೋಡಿದಳು. “ಸಪ್ಪಗಿರತೈತೇನ್ರಿ?”

“ಹೂಂ, ಸಪ್ಪಗ ಇರತೈತಿ.”

ಅವಳಿಗೆ ನಗು ಬಂತು. ಆಮೇಲೆ ನನ್ನ ಎದುರಿನ ಕುರ್ಚಿ ನೋಡಿ ಕೇಳಿದಳು. “ಯಾರರೆ ಬರಾವ್ರದಾರೇನ್ರಿ ಅಕ್ಕಾರ?”

ನಾನು ಎದ್ದು ಆ ಕುರ್ಚಿಯನ್ನು ಹೊರಗೆಳೆದೆ.

“ಇಲ್ರಿ,” ಅಂದೆ. “ಬರ್ರಿ, ಇಲ್ಲೇ ಕೂಡ್ರಿ.”